ಚೆನ್ನೈ ಗಾಲ್ಫ್: ಕ್ಲಬ್ಬಿನ ಅಂಗಳದಿಂದ ಸಣ್ಣ ಟೂರಿನವರೆಗೆ

ಮದರಾಸಿನಲ್ಲಿ ಗಾಲ್ಫ್ ನೆಲೆಯೂರಿದ್ದು ಕುದುರೆ ಓಡುವ ಬಯಲಿನ ನಡುವೆ. 1884ರಲ್ಲಿ ಹುಟ್ಟಿದ ಮದ್ರಾಸ್ ಜಿಮ್ಖಾನಾ ಕ್ಲಬ್ಬು, ಗಿಂಡಿಯ ರೇಸ್‌ಕೋರ್ಸಿನಲ್ಲಿ ಓಟದ ಹಾದಿ ಸುತ್ತುವರಿದ ನೆಲವನ್ನೇ ತನ್ನ ಗಾಲ್ಫ್ ಮೈದಾನ ಮಾಡಿಕೊಂಡಿತು. ಕಲ್ಕತ್ತೆಯಲ್ಲಿ 1829ರಲ್ಲೇ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ಬುಗಳು ಎದ್ದಿದ್ದವು. ಎಲ್ಲ ಕಡೆಯೂ ಆಡುವವರು ಬಿಳಿಯ ಅಧಿಕಾರಿಗಳು ಮತ್ತು ವ್ಯಾಪಾರಿಗಳು; ಚೀಲ ಹೊರುವವರು ಸುತ್ತಲಿನ ಹಳ್ಳಿಗಳ ಹುಡುಗರು.

ಚೆನ್ನೈನ ಎರಡನೆಯ ಮೈದಾನದ ಹಿನ್ನೆಲೆ ಬೇರೆ. 1832ರ ಮದ್ರಾಸ್ ಕ್ಲಬ್ಬಿನ ಬಾಗಿಲು ಭಾರತೀಯರಿಗೆ ಮುಚ್ಚಿತ್ತು. ಬಿಳಿಯರೂ ಭಾರತೀಯರೂ ಕೂಡಿ ಕೂರಬಹುದಾದ ಜಾಗವಾಗಿ 1873ರಲ್ಲಿ ಕಾಸ್ಮೊಪಾಲಿಟನ್ ಕ್ಲಬ್ ಹುಟ್ಟಿತು. ಮುಂದೆ ನಂದನಂನಲ್ಲಿ ಅದು ಗಾಲ್ಫ್ ಮೈದಾನ ಮಾಡಿಕೊಂಡಿತು. ಊರಿನವರ ಬಾಯಲ್ಲಿ ಇದು ಬರೀ 'ಕಾಸ್ಮೊ'. ಅಣ್ಣಾ ಸಾಲೈನ ವಾಹನದಟ್ಟಣೆಯ ಪಕ್ಕದಲ್ಲೇ ಇರುವ ಈ ಮೈದಾನಕ್ಕೆ ವೃತ್ತಿಪರ ಪಂದ್ಯಗಳು ಬರತೊಡಗಿದವು.

ದಕ್ಷಿಣದ ಹಳೆಯ ಮೈದಾನಗಳಲ್ಲಿ ಹಸಿರು ಹಾಸು ಅಪರೂಪವಾಗಿತ್ತು. ನೀರಿನ ಅಭಾವದಲ್ಲಿ ಕುಳಿಯ ಸುತ್ತ ಹುಲ್ಲಿನ 'ಗ್ರೀನ್' ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್' ಹಾಸುತ್ತಿದ್ದರು. ಕೋಲಾರ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಇಂಥ ಬ್ರೌನ್‌ಗಳ ಮೇಲೇ ಆಟ ನಡೆಯುತ್ತಿತ್ತು. ಮರಳಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸಿ ಕಲಿತವನಿಗೆ ಜಾರುವ ಹುಲ್ಲಿನ ಮೇಲೆ ಕೈ ಹದಕ್ಕೆ ಬರುವುದು ಸುಲಭವಲ್ಲ.

ಸ್ವಾತಂತ್ರ್ಯದ ನಂತರವೂ ಬಹುಕಾಲ ಗಾಲ್ಫನ್ನೇ ನಂಬಿ ಬದುಕುವ ದಾರಿ ಇಲ್ಲಿರಲಿಲ್ಲ. ಕ್ಲಬ್ಬಿನ ತರಬೇತುದಾರನ ಕೆಲಸ ಸಿಕ್ಕರೆ ಅದೇ ದೊಡ್ಡದು. 1964ರಲ್ಲಿ ಇಂಡಿಯನ್ ಓಪನ್ ಶುರುವಾದಾಗ ಗೆದ್ದದ್ದು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಮರುವರ್ಷ ಗೆದ್ದ ಪಿ. ಜಿ. ಸೇಠಿ ಹವ್ಯಾಸಿ ಆಟಗಾರ. ಭಾರತದ ವೃತ್ತಿಪರನೊಬ್ಬ ಆ ಕಪ್ ಎತ್ತಲು 1991ರವರೆಗೆ ಕಾಯಬೇಕಾಯಿತು. ಆತ ದೆಹಲಿಯಲ್ಲಿ ಕ್ಯಾಡಿಯಾಗಿ ಚೀಲ ಹೊರುತ್ತಿದ್ದ ಅಲಿ ಶೇರ್. ಚೀಲ ಹೊತ್ತವರೇ ಈ ವೃತ್ತಿಯನ್ನು ಕಟ್ಟಿದರು ಎಂದರೆ ಅತಿಶಯೋಕ್ತಿಯಲ್ಲ. ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದವರೇ. 12.5 ಲಕ್ಷ ಡಾಲರ್ ಬಹುಮಾನದ 2009ರ ಇಂಡಿಯನ್ ಓಪನ್‌ನಲ್ಲಿ ಅವರು ಕೊರಿಯದ ಲೀ ಸಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿದರು. ಬಿಡದಿ ಬಳಿಯ ಈಗಲ್‌ಟನ್‌ನಲ್ಲಿ ಚೆಂಡು ಹೆಕ್ಕುತ್ತಿದ್ದ ಎಸ್. ಚಿಕ್ಕರಂಗಪ್ಪ 2015ರಲ್ಲಿ ದೇಶದ ಟೂರಿನ ಗಳಿಕೆಪಟ್ಟಿಯ ತುದಿಯಲ್ಲಿದ್ದರು.

ಆ ಟೂರು ಎಂದರೆ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಎಲ್ಲರೂ ಹೇಳುವಂತೆ ಪಿಜಿಟಿಐ. ಇದು 2006ರಲ್ಲಿ ರೂಪುಗೊಂಡಿತು. ಅಮೆರಿಕ, ಯೂರೋಪು, ಏಷ್ಯಾ ಟೂರುಗಳ ಎದುರು ಇದು ಕೆಳಗಿನ ಮೆಟ್ಟಿಲೇ. ಆದರೂ ಮೇಲೆ ಹತ್ತುವವರಲ್ಲಿ ಹಲವರು ಇಲ್ಲಿಂದಲೇ ಹೊರಡುತ್ತಾರೆ. ಪ್ರವೇಶಕ್ಕೆ 'ಕ್ಯೂ ಸ್ಕೂಲ್' ಎಂಬ ಅರ್ಹತಾ ಸ್ಪರ್ಧೆಯಿದೆ. ಅಲ್ಲಿ ಟೂರಿನಲ್ಲಿ ಆಡುವ ಕಾರ್ಡ್ ಪಡೆದವರು ವರ್ಷವಿಡೀ ಊರೂರು ಸುತ್ತುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ಉತ್ತರ ಭಾರತ ಮಳೆಯಲ್ಲಿ ತೊಯ್ಯುವಾಗ ಚೆನ್ನೈ ತಕ್ಕಮಟ್ಟಿಗೆ ಒಣಗಿರುವುದರಿಂದ ಇಲ್ಲಿ ಆಡಬಹುದು. ಇಲ್ಲಿನ ದೊಡ್ಡ ಮಳೆ ಹಿಂಗಾರಿನದು, ಅಕ್ಟೋಬರ್ ನಂತರದ್ದು. ಆದರೆ ಆ ಒಣ ತಿಂಗಳುಗಳ ಬಿಸಿಲಿನಲ್ಲಿ ನಾಲ್ಕೈದು ತಾಸು ನಡೆಯುವುದೇ ಒಂದು ಪರೀಕ್ಷೆ.

ಪಂದ್ಯ ನಾಲ್ಕು ದಿನದ್ದು, ದಿನಕ್ಕೆ 18 ಕುಳಿ. ಎರಡನೆಯ ದಿನದ ಸಂಜೆ 'ಕಟ್' ಬೀಳುತ್ತದೆ. ನೂರಿಪ್ಪತ್ತರಷ್ಟು ಆಟಗಾರರಲ್ಲಿ ಮೊದಲ 50 ಸ್ಥಾನದವರು ಮತ್ತು ಅವರೊಂದಿಗೆ ಸಮಬಲದಲ್ಲಿರುವವರು ಮಾತ್ರ ಉಳಿಯುತ್ತಾರೆ. ಹೊರಬಿದ್ದವರಿಗೆ ಒಂದು ರೂಪಾಯಿಯೂ ಇಲ್ಲ. ರೈಲು, ವಸತಿ, ಕ್ಯಾಡಿಯ ಕೂಲಿ ಎಲ್ಲ ಕೈಯಿಂದಲೇ. ಒಬ್ಬನ ಅಂಕವನ್ನು ಬರೆಯುವುದು ಅವನ ಜೊತೆ ಆಡುವ ಎದುರಾಳಿ. ಆಟ ಮುಗಿದ ಮೇಲೆ ಕುಳಿ ಕುಳಿಯ ಲೆಕ್ಕ ತಾಳೆ ನೋಡಿ ಸಹಿ ಹಾಕಬೇಕು. ಆಡಿದ್ದಕ್ಕಿಂತ ಒಂದು ಹೊಡೆತ ಕಡಿಮೆ ಬರೆದ ಅಂಕದ ಕಾರ್ಡಿಗೆ ಸಹಿ ಬಿದ್ದರೆ, ಅದು ಕಣ್ತಪ್ಪಾಗಿದ್ದರೂ ಆಟಗಾರ ಪಂದ್ಯದಿಂದಲೇ ಹೊರಗೆ.

ಮೊದಮೊದಲು ಬಹುಮಾನದ ಮೊತ್ತ ಚಿಕ್ಕದು. 30 ಲಕ್ಷದ ಪಂದ್ಯ ಗೆದ್ದವನಿಗೆ ಸುಮಾರು 4.85 ಲಕ್ಷ ರೂಪಾಯಿ ಸಿಗುತ್ತಿತ್ತು. ಈಚೆಗೆ ಒಂದು ಕೋಟಿಯ ಪಂದ್ಯಗಳು ಸಾಮಾನ್ಯವಾಗಿವೆ. ಗೆದ್ದವನಿಗೆ 15 ಲಕ್ಷ. ಆದರೆ ಪಟ್ಟಿಯ ಕೆಳಗಿಳಿದಂತೆ ಚೆಕ್ಕಿನ ಮೊತ್ತ ಬೇಗ ಕರಗುತ್ತದೆ. ವರ್ಷದ ಕೊನೆಗೆ ಗಳಿಕೆಪಟ್ಟಿಯಲ್ಲಿ ಹಿಂದೆ ಬಿದ್ದವರು ಕಾರ್ಡ್ ಕಳೆದುಕೊಂಡು ಮತ್ತೆ ಕ್ಯೂ ಸ್ಕೂಲಿನ ಸಾಲಿಗೆ ನಿಲ್ಲುತ್ತಾರೆ. ಮುಖ್ಯ ಟೂರಿನಲ್ಲಿ ಜಾಗ ಸಿಗದವರಿಗಾಗಿ 2024ರಲ್ಲಿ ಪಿಜಿಟಿಐ, ನೆಕ್ಸ್‌ಜೆನ್ ಎಂಬ ಕೆಳಹಂತದ ಟೂರನ್ನು ಆರಂಭಿಸಿತು. ಕ್ರಿಕೆಟಿಗ ಕಪಿಲ್ ದೇವ್ ಪಿಜಿಟಿಐ ಅಧ್ಯಕ್ಷರಾದದ್ದೂ ಆ ವರ್ಷವೇ.

ಚೆನ್ನೈನ ಹಳೆಯ ಜಿಮ್ಖಾನಾ ಮೈದಾನದ ಮಟ್ಟಿಗೂ 2024 ಮಹತ್ವದ ವರ್ಷ. ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಮದ್ರಾಸ್ ರೇಸ್ ಕ್ಲಬ್ಬಿನ ಗುತ್ತಿಗೆಯನ್ನು ರದ್ದುಮಾಡಿ ಗಿಂಡಿಯ ಸುಮಾರು 160 ಎಕರೆಯನ್ನು ವಶಕ್ಕೆ ತೆಗೆದುಕೊಂಡಿತು. ವರ್ಷಕ್ಕೆ ಸುಮಾರು 614 ರೂಪಾಯಿ ಬಾಡಿಗೆಗೆ 99 ವರ್ಷಗಳ ಮಟ್ಟಿಗೆ ಕೊಟ್ಟಿದ್ದ ನೆಲ ಅದು. ನಗರದ ಮಧ್ಯೆ ಅಷ್ಟು ವಿಸ್ತಾರದ ಜಾಗ ಅಷ್ಟು ಕಡಿಮೆ ಬಾಡಿಗೆಗೆ ಉಳಿದಿದ್ದೇ ಸೋಜಿಗ. ಅಲ್ಲಿ ಉದ್ಯಾನ ಮಾಡುವ ಮತ್ತು ನೆರೆನೀರು ಹಿಡಿಯುವ ಕೊಳಗಳನ್ನು ತೋಡುವ ಯೋಜನೆ ಹೊರಬಿತ್ತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಓಟದ ಹಾದಿಯೊಳಗಿನ ಜಿಮ್ಖಾನಾ ಗಾಲ್ಫ್ ಮೈದಾನವೂ ಆ ನೆಲದಲ್ಲೇ ಇದೆ.