ದೊರೆ ಬೇಡ ಅಂದವರೇ ಮತ್ತೆ ದೊರೆಯನ್ನು ಕೂರಿಸಿದರು

ಬಿಟಿಎಂ ಅಂದರೆ ಏನು ಅಂತ ಬಿಟಿಎಂ ಲೇಔಟ್‌ನಲ್ಲೇ ಹತ್ತು ವರ್ಷ ಬಾಡಿಗೆ ಕಟ್ಟಿದವರನ್ನು ಕೇಳಿ ನೋಡಿ. ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಸೇರಿ ಒಂದು ಬಡಾವಣೆ ಆಯ್ತು, ಊರುಗಳ ಹೆಸರು ಹೋಗಿ ಮೂರು ಇಂಗ್ಲಿಷ್ ಅಕ್ಷರ ಉಳೀತು. ಸಣ್ಣದು ದೊಡ್ಡದರೊಳಗೆ ಸೇರಿದಾಗ ಏನು ಉಳಿಯುತ್ತೆ, ಏನು ಹೋಗುತ್ತೆ? ಇವತ್ತಿನ ಮಾತು ಅದೇ. ಆದರೆ ಇವತ್ತು ನಾನು ರಾಜಕೀಯ ಪಕ್ಷದ ಕಥೆ ಹೇಳೋದಿಲ್ಲ. ಒಂದು ಚರ್ಚಿನ ಕಥೆ ಹೇಳ್ತೀನಿ.

ಇದೇ ಬಡಾವಣೆಯ ಅಂಚಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಿಂದ ಹೊಸೂರು ರಸ್ತೆ ಹಿಡಿಯಿರಿ. ಎಲೆಕ್ಟ್ರಾನಿಕ್ ಸಿಟಿ, ಅತ್ತಿಬೆಲೆ, ರಾಜ್ಯದ ಗಡಿ, ಆಮೇಲೆ ಹೊಸೂರು. ಅಲ್ಲಿನ ಮತ್ತಿಗಿರಿಯಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ದಕ್ಷಿಣ ಏಷ್ಯಾ ವಿಭಾಗದ ಕೇಂದ್ರ ಕಚೇರಿ ಇದೆ. ಭಾನುವಾರದ ಬದಲು ಶನಿವಾರ ಆರಾಧನೆ ಮಾಡುವ ಕ್ರೈಸ್ತರು ಇವರು. ಜಗತ್ತಿನಾದ್ಯಂತ ಇವರ ಸದಸ್ಯರ ಸಂಖ್ಯೆ 2 ಕೋಟಿ 20 ಲಕ್ಷ ದಾಟಿದೆ. ನಾನು ಆ ಸಭೆಯವನಲ್ಲ, ಅವರ ನಂಬಿಕೆಯ ಸರಿ ತಪ್ಪು ನನ್ನ ವಿಷಯವೂ ಅಲ್ಲ. ನನಗೆ ಕುತೂಹಲ ಇರೋದು ಅವರ ಆಡಳಿತದ ಇತಿಹಾಸದ ಬಗ್ಗೆ. ನೂರ ಅರವತ್ತು ವರ್ಷದಿಂದ ಅವರು ಒಂದೇ ಪ್ರಶ್ನೆಯ ಜೊತೆ ಗುದ್ದಾಡುತ್ತಿದ್ದಾರೆ. ಎಲ್ಲೋ ದೂರದಲ್ಲಿ ಕೂತವರು ಇಲ್ಲಿನ ತೀರ್ಮಾನ ತಗೋಬೇಕಾ, ಇಲ್ಲಿರೋರೇ ತಗೋಬೇಕಾ?

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದೇನಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅವರಿಂದ ಏನು ಬಂತು ಅಂತ ಶಾಲೆಯ ಮಕ್ಕಳಿಗೂ ಗೊತ್ತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, 1894ರಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು, ಜೊತೆಗೆ ಮಂಗಳೂರು ಹೆಂಚು. ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಈ ಮಿಷನರಿಗಳು ಮದುವೆ ಆಗಬೇಕು ಅಂದರೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೂತ ಸಮಿತಿಯ ಅಪ್ಪಣೆ ಬೇಕಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚಿನ ದಿನಗಳಲ್ಲಿ ಕಾಗದ ಹೋಗಿ ಉತ್ತರ ಬರೋದು ಅಂದರೆ ತಿಂಗಳುಗಳ ಲೆಕ್ಕ. ಮಂಗಳೂರಿನ ಬಿಸಿಲಲ್ಲಿ ಕೂತವನ ಬದುಕನ್ನು ಬಾಸೆಲ್‌ನ ಚಳಿಯಲ್ಲಿ ಕೂತವರು ನಿರ್ಧರಿಸುತ್ತಿದ್ದರು.

ಆ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಸುಧಾರಣೆಯಲ್ಲ, ಯುದ್ಧ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಮುಂದೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರ ಕಳೆಯುವಷ್ಟರಲ್ಲಿ, ಮದ್ರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಹಲವು ವಿದೇಶಿ ಮಿಷನ್‌ಗಳು ಕಟ್ಟಿದ ಸಭೆಗಳು ಒಂದಾದವು. ಬಾಸೆಲ್ ಮಿಷನ್‌ನ ಸಭೆಗಳಲ್ಲೂ ಅನೇಕವು ಹಂತ ಹಂತವಾಗಿ ಅದರೊಳಗೆ ಬಂದವು. ನಮ್ಮ ತೀರ್ಮಾನ ನಮ್ಮ ನೆಲದಲ್ಲೇ ಆಗಲಿ ಅನ್ನೋದು ಅವರು ಕಂಡುಕೊಂಡ ಉತ್ತರ.

ಅಡ್ವೆಂಟಿಸ್ಟರು ಈ ದಾರಿ ಹಿಡಿಯಲಿಲ್ಲ. ದೇಶಕ್ಕೊಂದು ಸ್ವತಂತ್ರ ಸಭೆ ಅವರಿಗೆ ಬೇಡವಾಗಿತ್ತು. ಜಗತ್ತಿಗೆಲ್ಲ ಒಂದೇ ಸಭೆ ಇರಬೇಕು, ಆದರೆ ಒಬ್ಬನೇ ದೊರೆ ಇರಬಾರದು. ಅವರ ಹಠ ಅದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಮಾಡೋಕೆ ಹೋದಾಗ ಏನಾಯ್ತು ಅಂತ ನೋಡಿ.

1844ರ ಅಕ್ಟೋಬರ್ 22ರಂದು ಕ್ರಿಸ್ತ ಮರಳಿ ಬರುತ್ತಾನೆ ಅಂತ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬುವರ ಅನುಯಾಯಿಗಳು ಕಾದಿದ್ದರು. ಬರಲಿಲ್ಲ. ಆ ನಿರಾಸೆಯಿಂದ ಚದುರಿದವರಲ್ಲಿ ಒಂದು ಸಣ್ಣ ಗುಂಪು ಮುಂದೆ ಅಡ್ವೆಂಟಿಸ್ಟ್ ಸಭೆಯಾಯ್ತು. ಅವರಲ್ಲಿ ಬಹಳ ಜನ ತಮ್ಮ ತಮ್ಮ ಹಳೆಯ ಚರ್ಚುಗಳಿಂದ ಹೊರಬಿದ್ದವರು, ಹೊರಹಾಕಿಸಿಕೊಂಡವರು. ಹಾಗಾಗಿ ‘ಸಂಘಟನೆ’ ಅನ್ನೋ ಪದ ಕೇಳಿದರೇ ಉರಿದುಬೀಳುತ್ತಿದ್ದರು. ಸಂಘ ಕಟ್ಟಿದ ಕ್ಷಣವೇ ಧರ್ಮ ಕೆಡುತ್ತದೆ ಅನ್ನೋದು ಅವರ ವಾದ. ನಮ್ಮ ಶರಣರ ಮಾತಿನಲ್ಲಿ ಹೇಳೋದಾದರೆ, ಜಂಗಮವಾಗೇ ಇರಬೇಕು, ಸ್ಥಾವರ ಆಗಬಾರದು.

ಆದರೆ ಮುದ್ರಣಯಂತ್ರ ಯಾರ ಹೆಸರಲ್ಲಿರಬೇಕು? ಬೋಧಕನಿಗೆ ಸಂಬಳ ಕೊಡೋರು ಯಾರು? ಯಾರು ನಿಜವಾದ ಬೋಧಕ, ಯಾರು ಊರೂರು ಸುತ್ತಿ ದುಡ್ಡೆತ್ತುವ ಠಕ್ಕ? ಈ ಪ್ರಶ್ನೆಗಳಿಗೆ ಜಂಗಮದಲ್ಲಿ ಉತ್ತರ ಸಿಗಲಿಲ್ಲ. 1863ರ ಮೇ 21ರಂದು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ ಜನರಲ್ ಕಾನ್ಫರೆನ್ಸ್ ಹೆಸರಿನ ಕೇಂದ್ರ ಮಂಡಳಿ ಹುಟ್ಟಿತು. ಆಗ ಸದಸ್ಯರು ಸುಮಾರು 3,500. ಜೇಮ್ಸ್ ವೈಟ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರೆ ಅವರು ಒಲ್ಲೆ ಅಂದರು. ಸಂಘಟನೆ ಬೇಕು ಅಂತ ವರ್ಷಗಟ್ಟಲೆ ವಾದಿಸಿದವರೇ ಅವರು. ಕುರ್ಚಿಗಾಗಿ ವಾದಿಸಿದ ಅನ್ನೋ ಮಾತು ಬರಬಾರದಲ್ಲ! ಜಾನ್ ಬೈಯಿಂಗ್ಟನ್ ಮೊದಲ ಅಧ್ಯಕ್ಷರಾದರು.

ನಾಲ್ಕು ದಶಕದೊಳಗೆ ಸದಸ್ಯರು 75 ಸಾವಿರದ ಆಸುಪಾಸಿಗೆ ಬಂದರು. ಸಭೆ ಆಸ್ಟ್ರೇಲಿಯಾ, ಆಫ್ರಿಕಾ, ಭಾರತಕ್ಕೆ ಹಬ್ಬಿತು. ತೀರ್ಮಾನ ಮಾತ್ರ ಬ್ಯಾಟಲ್ ಕ್ರೀಕ್ ಬಿಟ್ಟು ಅಲುಗಲಿಲ್ಲ. ದಕ್ಷಿಣ ಆಫ್ರಿಕಾದ ಒಂದು ಪ್ರಸಂಗ ಕೇಳಿ. ಶಾಲೆಗೊಂದು ಸಂಘ, ಪುಸ್ತಕಕ್ಕೊಂದು ಸಂಘ ಅಂತ ಎಲ್ಲದಕ್ಕೂ ಬೇರೆ ಬೇರೆ ಸಂಘ ಮಾಡುವಷ್ಟು ಜನ ಅಲ್ಲಿರಲಿಲ್ಲ. ಎ.ಟಿ. ರಾಬಿನ್ಸನ್ ಅನ್ನುವವರು, ಇವೆಲ್ಲವೂ ಒಂದೇ ಆಡಳಿತದ ಕೆಳಗಿನ ಇಲಾಖೆಗಳಾಗಿರಲಿ ಅಂತ ಯೋಜಿಸಿ ಬ್ಯಾಟಲ್ ಕ್ರೀಕ್‌ಗೆ ಬರೆದರು. ಮಾಡಬೇಡಿ ಅಂತ ಉತ್ತರ ಬಂತು. ಅದು ಹಡಗಿನಲ್ಲಿ ಬಂದು ತಲುಪುವ ಹೊತ್ತಿಗೆ ಇಲಾಖೆಗಳು ಶುರುವಾಗಿ ಕೆಲಸವನ್ನೂ ಮಾಡುತ್ತಿದ್ದವು! ಆಸ್ಟ್ರೇಲಿಯಾದವರೂ ಬ್ಯಾಟಲ್ ಕ್ರೀಕ್‌ನ ಅಪ್ಪಣೆಗೆ ಕಾದು ಕಾದು ಸಾಕಾಗಿ, 1894ರಲ್ಲಿ ತಮ್ಮ ಮಟ್ಟದಲ್ಲೇ ಒಂದು ಯೂನಿಯನ್ ಕಟ್ಟಿಕೊಂಡರು. ಈ ಸಭೆಯ ದೊಡ್ಡ ಸುಧಾರಣೆ ಹುಟ್ಟಿದ್ದು ಕೇಂದ್ರದಲ್ಲಲ್ಲ, ಕೇಂದ್ರದ ಕೈ ಸರಿಯಾಗಿ ತಲುಪದ ಜಾಗದಲ್ಲಿ.

ಆಸ್ಟ್ರೇಲಿಯಾದಲ್ಲಿ ಇದನ್ನು ಕಣ್ಣಾರೆ ನೋಡಿದವರಲ್ಲಿ ಒಬ್ಬರು ಜೇಮ್ಸ್ ವೈಟ್ ಅವರ ವಿಧವೆ ಎಲೆನ್ ವೈಟ್. ಸಭೆಯವರು ಇವರನ್ನು ಪ್ರವಾದಿನಿ ಅಂತ ನಂಬುತ್ತಾರೆ. 1901ರ ಏಪ್ರಿಲ್‌ನಲ್ಲಿ ಬ್ಯಾಟಲ್ ಕ್ರೀಕ್ ಅಧಿವೇಶನಕ್ಕೆ ಬಂದು ಈಕೆ ನೇರವಾಗಿ ಹೇಳಿದ್ದರ ಸಾರಾಂಶ ಇಷ್ಟೇ: ಬೆರಳೆಣಿಕೆಯ ಜನ ಕೂತು ಇಡೀ ಜಗತ್ತಿನ ಕೆಲಸ ನಿರ್ಧರಿಸೋದು ನಿಲ್ಲಬೇಕು, ರಾಜಾಧಿಕಾರ ಇಲ್ಲಿ ಬೇಡ. ಅಧಿವೇಶನ ಕೇಳಿತು. ಎಲ್ಲೆಡೆ ಯೂನಿಯನ್‌ಗಳಾದವು. 25 ಜನರ ಸಮಿತಿ ಬಂತು. ‘ಅಧ್ಯಕ್ಷ’ ಅನ್ನೋ ಹುದ್ದೆಯನ್ನೇ ತೆಗೆದು, ಸಮಿತಿ ತನ್ನ ಸಭಾಪತಿಯನ್ನು ತಾನೇ ಆರಿಸಿಕೊಳ್ಳಲಿ ಅಂದರು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿ ಬಂದಿದ್ದ ಆರ್ಥರ್ ಡೇನಿಯಲ್ಸ್ ಆ ಸ್ಥಾನದಲ್ಲಿ ಕೂತರು.

ಎಷ್ಟು ದಿನ ನಡೀತು? ಬರೀ ಎರಡು ವರ್ಷ.

ಆ ಎರಡು ವರ್ಷದಲ್ಲಿ ಏನೇನಾಯ್ತು ಅಂದರೆ, 1902ರ ಫೆಬ್ರವರಿಯಲ್ಲಿ ಬ್ಯಾಟಲ್ ಕ್ರೀಕ್‌ನ ದೊಡ್ಡ ಆಸ್ಪತ್ರೆ ಸುಟ್ಟುಹೋಯ್ತು, ಡಿಸೆಂಬರ್‌ನಲ್ಲಿ ಮುದ್ರಣಾಲಯ ಸುಟ್ಟುಹೋಯ್ತು. ಸಾಲ ಮಾಡುವ ವಿಚಾರದಲ್ಲಿ ಡೇನಿಯಲ್ಸ್ ಮತ್ತು ಡಾ. ಜಾನ್ ಹಾರ್ವೆ ಕೆಲಾಗ್ ನಡುವೆ ಜಟಾಪಟಿ ಶುರುವಾಯ್ತು. ಹೌದು, ಬೆಳಗ್ಗೆ ಹಾಲಿಗೆ ಹಾಕ್ಕೊಂಡು ತಿನ್ನೋ ಕಾರ್ನ್‌ಫ್ಲೇಕ್ಸ್ ಪೊಟ್ಟಣದ ಮೇಲಿರೋ ಅದೇ ಕೆಲಾಗ್ ಮನೆತನ. ಸಭೆಯ ವೈದ್ಯಕೀಯ ಸಾಮ್ರಾಜ್ಯ ಈ ಡಾಕ್ಟರ ಕೈಯಲ್ಲಿತ್ತು, 1901ರ ಸುಧಾರಣೆಯ ಹಗ್ಗ ಅದಕ್ಕೆ ಬಿಗಿದಿರಲಿಲ್ಲ. ಇಂಥ ಬಲಾಢ್ಯನ ಎದುರು ಸಭಾಪತಿ ಸಾಲದು, ಅಧ್ಯಕ್ಷ ಬೇಕು ಅಂದರು. 1903ರಲ್ಲಿ ಓಕ್‌ಲ್ಯಾಂಡ್ ಅಧಿವೇಶನದಲ್ಲಿ ಅಧ್ಯಕ್ಷ ಹುದ್ದೆ ಮರಳಿ ಬಂತು. ಇದು ರಾಜಾಧಿಕಾರವನ್ನೇ ವಾಪಸ್ ಕರೆದಂತೆ ಅಂತ ಎ.ಟಿ. ಜೋನ್ಸ್, ಇ.ಜೆ. ವ್ಯಾಗನರ್ ಅಂಥವರು ವಿರೋಧಿಸಿದರು. ನಡೆಯಲಿಲ್ಲ. ಅದೇ ವರ್ಷ ಕೇಂದ್ರ ಕಚೇರಿ ವಾಷಿಂಗ್ಟನ್ ಕಡೆಗೆ ಹೋಯ್ತು. 1907ರಲ್ಲಿ ಕೆಲಾಗ್ ಅವರನ್ನು ಸಭೆಯಿಂದ ತೆಗೆದರು.

ಇದನ್ನು ನಾನು ಬರೀ ಅಧಿಕಾರದಾಹ ಅಂತ ತಳ್ಳಿಹಾಕೋದಿಲ್ಲ. ಸಂಕಟ ಬಂದಾಗ ಜನ ಒಬ್ಬ ಗಟ್ಟಿಗನನ್ನು ಹುಡುಕುತ್ತಾರೆ. ಅದು ಸಹಜ. ತೊಂದರೆ ಇರೋದು ಮುಂದಿನ ಹೆಜ್ಜೆಯಲ್ಲಿ. ಸಂಕಟ ಮುಗಿಯುತ್ತೆ, ಗಟ್ಟಿಗನ ಕುರ್ಚಿ ಹೋಗೋದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. 1893ರಲ್ಲಿ ವಿಲಿಯಂ ಲೆಂಕರ್, ಎ.ಟಿ. ಸ್ಟ್ರೂಪ್ ಅನ್ನೋ ಇಬ್ಬರು ಪುಸ್ತಕ ಮಾರೋದಕ್ಕೆ ಮದ್ರಾಸಿಗೆ ಬಂದರು. ಭಾರತದಲ್ಲಿ ಈ ಸಭೆಯ ಆರಂಭ ಅದು. 1915ರಲ್ಲಿ ಕೊಯಮತ್ತೂರಿನಲ್ಲಿ ಒಂದು ತರಬೇತಿ ಶಾಲೆ ಶುರುವಾಯ್ತು. ಅದು ಬೆಂಗಳೂರಿಗೆ ಬಂತು, ಕೃಷ್ಣರಾಜಪುರದಲ್ಲಿ ನೆಲೆ ನಿಂತಿತು, 1942ರಲ್ಲಿ ಪುಣೆಗೆ ಹೋಯ್ತು. ಇವತ್ತಿನ ಸ್ಪೈಸರ್ ವಿಶ್ವವಿದ್ಯಾಲಯದ ಬೇರು ಅದೇ. ವಿಭಾಗದ ಕೇಂದ್ರ ಕಚೇರಿಯೂ ಬಹುಕಾಲ ಪುಣೆಯಲ್ಲಿತ್ತು, ಆಮೇಲೆ ಹೊಸೂರಿಗೆ ಬಂತು.

ಈ ಸಭೆಯಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಮೆಟ್ಟಿಲು. ಊರಿನ ಸಭೆ, ಅದರ ಮೇಲೆ ಕಾನ್ಫರೆನ್ಸ್, ಅದರ ಮೇಲೆ ಯೂನಿಯನ್, ತುದಿಯಲ್ಲಿ ಜನರಲ್ ಕಾನ್ಫರೆನ್ಸ್. ಹೊಸೂರಿನಂಥ ವಿಭಾಗಗಳು ಪ್ರತ್ಯೇಕ ಮೆಟ್ಟಿಲಲ್ಲ, ಜನರಲ್ ಕಾನ್ಫರೆನ್ಸ್‌ನದೇ ಕೈಗಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾನ್ಫರೆನ್ಸ್ ಅಂತ ಮಾನ್ಯತೆ ಸಿಕ್ಕರೆ ಅಲ್ಲಿನ ಸಭೆಗಳ ಪ್ರತಿನಿಧಿಗಳೇ ತಮ್ಮ ಅಧ್ಯಕ್ಷನನ್ನು ಆರಿಸುತ್ತಾರೆ. ಆ ಮಾನ್ಯತೆ ಇಲ್ಲದಿದ್ದರೆ ಅದು ಬರೀ ಮಿಷನ್ ಅಥವಾ ಸೆಕ್ಷನ್. ಅಲ್ಲಿ ಅಧ್ಯಕ್ಷನನ್ನು ಮೇಲಿನ ಯೂನಿಯನ್ ನೇಮಿಸುತ್ತದೆ. ನಮ್ಮ ದೇಶದಲ್ಲಿ ಸೆಕ್ಷನ್‌ಗಳದ್ದೇ ದೊಡ್ಡ ಪಾಲು. ಸ್ವಂತ ಕಾಲ ಮೇಲೆ ನಿಲ್ಲುವಷ್ಟು ಹಣ, ಅನುಭವ ಬರಲಿ, ಆಮೇಲೆ ಮತ ಕೊಡೋಣ ಅನ್ನೋದು ನಿಯಮದ ಹಿಂದಿನ ತರ್ಕ. ಈ ತರ್ಕವನ್ನು ನಾವು ಎಲ್ಲೋ ಕೇಳಿದ್ದೀವಲ್ಲ? ಬ್ರಿಟಿಷರು ನಮಗೆ ಹೇಳುತ್ತಿದ್ದದ್ದೂ ಇದನ್ನೇ.

ಹಾಗಂತ ಕೇಂದ್ರ ಅಂದರೆ ಕೆಟ್ಟದ್ದು ಅಂತ ಷರಾ ಬರೆಯಬೇಡಿ. ಈ ಸಭೆಯ ಸದಸ್ಯರು ಆದಾಯದ ಹತ್ತನೇ ಒಂದು ಪಾಲು ಕೊಡುತ್ತಾರೆ. ಆ ದಶಮಾಂಶ ಊರಿನ ಚರ್ಚಿನಲ್ಲಿ ಉಳಿಯೋದಿಲ್ಲ, ಮೇಲಿನ ಮೆಟ್ಟಿಲಿಗೆ ಹೋಗುತ್ತದೆ, ಬೋಧಕರ ಸಂಬಳ ಅಲ್ಲಿಂದ ಬರುತ್ತದೆ. ಹಾಗಾಗಿ ಕೂಲಿಕಾರರ ಹಳ್ಳಿಯ ಬೋಧಕನೂ ಸಾಹುಕಾರರ ಬಡಾವಣೆಯ ಬೋಧಕನ ಹಾಗೇ ನಡೆಯಬಹುದು. ಹಣವೆಲ್ಲ ಊರಲ್ಲೇ ಉಳಿದರೆ ಶ್ರೀಮಂತ ಊರಿಗೆ ಒಳ್ಳೆಯ ಬೋಧಕ, ಬಡ ಊರಿಗೆ ಬಾಗಿಲು ಮುಚ್ಚಿದ ಚರ್ಚು. ಕೇಂದ್ರ ಇರೋದು ಇದಕ್ಕೆ, ಹಂಚೋದಕ್ಕೆ. ಆದರೆ ಹಣ ಮೇಲಕ್ಕೆ ಹೋದ ಮೇಲೆ ಲೆಕ್ಕ ಕೆಳಕ್ಕೆ ಬರಬೇಕೋ ಬೇಡವೋ? ಕೊಟ್ಟವನು ಕೇಳಬಹುದೋ ಇಲ್ಲವೋ?

ಹಳೆಯ ಜಗಳ 2015ರಲ್ಲಿ ಮತ್ತೆ ಎದ್ದಿತು. ಹೆಣ್ಣುಮಕ್ಕಳಿಗೆ ಪೂರ್ಣ ಬೋಧಕ ದೀಕ್ಷೆ ಕೊಡೋ ವಿಚಾರವನ್ನು ಆಯಾ ವಿಭಾಗಗಳೇ ತೀರ್ಮಾನಿಸಬಹುದೇ ಅನ್ನೋ ಪ್ರಶ್ನೆ ಸ್ಯಾನ್ ಆಂಟೋನಿಯೊ ಅಧಿವೇಶನದ ಮುಂದೆ ಬಂತು. ಬೇಡ ಅಂದವರು 1,381, ಬೇಕು ಅಂದವರು 977. ಅಷ್ಟರಲ್ಲಾಗಲೇ ಅಮೆರಿಕದ ಎರಡು ಯೂನಿಯನ್‌ಗಳು 2012ರಲ್ಲೇ ಹೆಣ್ಣು ಗಂಡು ಅನ್ನದೆ ದೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದವು. ಯಾರಿಗೆ ದೀಕ್ಷೆ ಅನ್ನೋದು ಯೂನಿಯನ್‌ನ ಅಧಿಕಾರ, ನಮ್ಮನ್ನು ಹುಟ್ಟಿಸಿದ್ದೇ ಅದಕ್ಕೆ ಅನ್ನೋದು ಅವರ ವಾದ. ಜಗತ್ತು ಕೂತು ಮತ ಹಾಕಿದ ಮೇಲೆ ಎಲ್ಲರೂ ಪಾಲಿಸಬೇಕು ಅನ್ನೋದು ಕೇಂದ್ರದ ವಾದ. 2018ರಲ್ಲಿ ಸಭೆಯ ಕಾರ್ಯಕಾರಿ ಸಮಿತಿ, ತೀರ್ಮಾನ ಪಾಲಿಸದವರ ಮೇಲೆ ಕ್ರಮಕ್ಕೆ ದಾರಿಮಾಡುವ ನಿಯಮವನ್ನು 185–124 ಮತಗಳಿಂದ ಒಪ್ಪಿತು. ಆ ಸಭೆ ನಡೆದದ್ದು ಎಲ್ಲಿ ಗೊತ್ತಾ? ಬ್ಯಾಟಲ್ ಕ್ರೀಕ್‌ನಲ್ಲಿ. ರಾಜಾಧಿಕಾರ ಬೇಡ ಅಂತ ಎಲೆನ್ ವೈಟ್ ಹೇಳಿದ ಅದೇ ಊರಲ್ಲಿ.

ಈ ಜಗಳದಲ್ಲಿ ಒಂದು ಪಕ್ಷ ಪೂರ್ತಿ ಸರಿ, ಇನ್ನೊಂದು ಪೂರ್ತಿ ತಪ್ಪು ಅಂತ ಹೇಳೋದು ಸುಲಭ ಅಲ್ಲ. ಇವತ್ತು ಸದಸ್ಯರಲ್ಲಿ ಬಹುಪಾಲು ಜನ ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾದವರು. ನೂರು ವರ್ಷ ಬಿಳಿಯರು ನಡೆಸಿದರು, ಈಗ ನಮ್ಮ ಮತಕ್ಕೆ ಬೆಲೆ ಬಂದ ಕೂಡಲೇ ‘ಸ್ಥಳೀಯ ಸ್ವಾತಂತ್ರ್ಯ’ ನೆನಪಾಯ್ತಾ ಅಂತ ಅವರು ಕೇಳಿದರೆ ತಪ್ಪೇನು? ಹಾಗೇ, ನನ್ನ ಊರಿನ ಸಭೆಗೆ ಯಾರು ಬೋಧಿಸಬೇಕು ಅಂತ ಬೇರೆ ಖಂಡದವರು ಯಾಕೆ ನಿರ್ಧರಿಸಬೇಕು ಅಂತ ಒಬ್ಬ ಹೆಣ್ಣುಮಗಳು ಕೇಳಿದರೆ ಅದೂ ನ್ಯಾಯವೇ.

ನನಗೆ ಕಾಣೋದು ಇಷ್ಟು. 1901ರಲ್ಲಿ ಯೂನಿಯನ್ ಕಟ್ಟಿದ್ದು ಹಡಗು ನಿಧಾನ ಅಂತ. ಇವತ್ತು ಫೋನಿನಲ್ಲಿ ಕ್ಷಣದಲ್ಲಿ ಉತ್ತರ ಬರುತ್ತದೆ. ಹಾಗಿದ್ದರೆ ಮೆಟ್ಟಿಲು ಕಡಿಮೆ ಆಗಬೇಕಿತ್ತಲ್ಲ? ಕೆಲವು ದೇಶಗಳಲ್ಲಿ ಕಾನ್ಫರೆನ್ಸ್ ಮೆಟ್ಟಿಲನ್ನು ತೆಗೆದು ಸಭೆಗಳನ್ನು ನೇರ ಯೂನಿಯನ್ ಕೆಳಗೆ ತಂದಿದ್ದಾರೆ. ಉಳಿದ ಕಡೆ ನಾಲ್ಕೂ ಹಾಗೇ ನಿಂತಿವೆ. ಕಾರಣ ಹೋದ ಮೇಲೂ ಕಚೇರಿ ಉಳಿಯುತ್ತದೆ. ಇನ್ನೊಂದು ಮಾತು. ದೂರ ಅಂದರೆ ಮೈಲಿಗಳ ಲೆಕ್ಕ ಅಲ್ಲ. ಕೇಳೋ ಹಕ್ಕಿಲ್ಲದವನಿಗೆ ಪಕ್ಕದ ರಸ್ತೆಯ ಕಚೇರಿಯೂ ಬಾಸೆಲ್ಲೇ.

ಇದು ಅವರ ಮನೆ ಜಗಳ, ನಮಗೇನು ಅನ್ನಬೇಡಿ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಈ ಮಹಾನಗರವನ್ನು ಅಧಿಕಾರಿಗಳು ನಡೆಸಿದರು. ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಧಿಕಾರ ವಿಕೇಂದ್ರೀಕರಣ ಅಂತ ಹೇಳಿ ಪಾಲಿಕೆಯನ್ನು ಐದು ಮಾಡಿದರು. ಐದರ ತಲೆ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ಅದರ ಅಧ್ಯಕ್ಷರು ಯಾರು? ಮುಖ್ಯಮಂತ್ರಿಗಳು. ಕೆಳಗೆ ಹಂಚಿದ್ದು ಎಷ್ಟು, ಮೇಲೆ ಉಳಿಸಿಕೊಂಡದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಪಾಲಿಕೆ ಐದಾಗಲಿ ಹತ್ತಾಗಲಿ, ಮೆಟ್ಟಿಲು ನಾಲ್ಕಿರಲಿ ಎರಡಿರಲಿ, ಅದು ದೊಡ್ಡ ಮಾತಲ್ಲ. ದಶಮಾಂಶ ಕೊಡುವ ಭಕ್ತನಿರಲಿ, ಆಸ್ತಿ ತೆರಿಗೆ ಕಟ್ಟುವ ಮಡಿವಾಳದ ಮನೆಯವನಿರಲಿ, ಮೇಲಿರೋರು ಸರಿಯಿಲ್ಲ ಅಂದಾಗ ಅವರನ್ನು ಇಳಿಸೋ ದಾರಿ ಅವನ ಕೈಯಲ್ಲಿ ಇದೆಯೋ ಇಲ್ಲವೋ? ಇದ್ದರೆ ಯಾವ ಹೆಸರಿನ ವ್ಯವಸ್ಥೆಯಾದರೂ ನಡೆಯುತ್ತದೆ. ಇಲ್ಲದಿದ್ದರೆ ದೊರೆಯನ್ನು ಸಭಾಪತಿ ಅಂತ ಕರೆದರೂ ದೊರೆಯೇ.