ಹದಿನಾರನೆಯ ದಿನದ ರೋಗಿ: ಬೈಲಹೊಂಗಲ ಉಪವಿಭಾಗದಲ್ಲಿ ಆರೋಗ್ಯ ವಿಮೆಯ ನಿಯಮಗಳು ಮತ್ತು ದೀರ್ಘಕಾಲದ ಕಾಯಿಲೆ

ಆರೋಗ್ಯ ವಿಮೆಯ ಕಾನೂನಿಗೂ ದೀರ್ಘಕಾಲದ ಕಾಯಿಲೆಗೂ ಇರುವ ಸಂಬಂಧದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಕಂಪನಿ ಎಷ್ಟು ಕಾಲ ಹಣ ನಿರಾಕರಿಸಬಹುದು? ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್ 1ರಿಂದ ಈ ಕಾಯುವ ಅವಧಿಯ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಹಳೆಯ ಕಾಯಿಲೆ ತಿಳಿಸಲಿಲ್ಲವೆಂದು ಕ್ಲೇಮು ತಳ್ಳಿಹಾಕಲು ಕಂಪನಿಗಿದ್ದ ಎಂಟು ವರ್ಷದ ಅವಕಾಶ, ವಂಚನೆಯ ಪ್ರಕರಣ ಬಿಟ್ಟರೆ, ಐದು ವರ್ಷಕ್ಕೆ ಇಳಿಯಿತು. ಪಾಲಿಸಿ ಕೊಳ್ಳುವವರಿಗೆ ಇದು ನಿಜವಾದ ಲಾಭ. ಆದರೆ ಬೈಲಹೊಂಗಲ ಉಪವಿಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಬಡ ರೈತ, ನೇಕಾರ, ಕೂಲಿ ಕುಟುಂಬಗಳ ಮಟ್ಟಿಗೆ ಪ್ರಶ್ನೆ ಇದಲ್ಲ ಎಂಬುದು ನನ್ನ ವಾದ. ಅವರಿಗೆ ವಿಮೆ ಬರುವುದು ಏಜೆಂಟನಿಂದಲ್ಲ, ರೇಷನ್ ಕಾರ್ಡಿನಿಂದ. ಆ ವಿಮೆಯಲ್ಲಿ ಹಳೆಯ ಕಾಯಿಲೆಗೆ ಮೊದಲ ದಿನದಿಂದಲೇ ತಡೆಯಿಲ್ಲ. ತಡೆ ಇರುವುದು ಬೇರೆ ಕಡೆ.

ಹಿನ್ನೆಲೆ ಪರಿಚಿತವಾದದ್ದು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ತಿಂಗಳಿಗೆ ಐದು ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆ ಒದಗಿಸಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಕಲಬುರಗಿ ವಿಭಾಗದಲ್ಲಿ ಮೊದಲಾಗಿ ಬೆಳಗಾವಿ ವಿಭಾಗಕ್ಕೂ ಬಂತು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗಳು ಬಿಪಿಎಲ್ ಕುಟುಂಬಗಳಿಗೆ ಉಚಿತವಾದವು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಬೆಸೆಯಿತು. ಈಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ಮೊದಲೇ ಗೊತ್ತುಪಡಿಸಿದ ದರ) ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ.

ವಿವಾದದ ಬಿಂದು ಇರುವುದು ನೀರಜ್ ಸೂದ್ ಮತ್ತು ಸಹಲೇಖಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಆರೋಗ್ಯಶ್ರೀ ಜಾರಿಯಲ್ಲಿದ್ದ 300 ಹಳ್ಳಿಗಳನ್ನು, ಗಡಿಯ ಆಚೆ ಇನ್ನೂ ಜಾರಿಯಾಗದಿದ್ದ 272 ಹಳ್ಳಿಗಳೊಂದಿಗೆ ಅವರು ಹೋಲಿಸಿದರು. ಯೋಜನೆ ಒಳಗೊಂಡ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆಯ ಹಳ್ಳಿಗಳಲ್ಲಿ ಶೇ. 0.32, ಉಳಿದ ಕಡೆ ಶೇ. 0.90. ಅಂದರೆ ಸುಮಾರು ಮೂರನೇ ಎರಡು ಭಾಗ ಕಡಿಮೆ. ಬಡತನ ರೇಖೆಯ ಮೇಲಿನವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನದ ವಿನ್ಯಾಸ ಗಟ್ಟಿಯಾದದ್ದು. ಯೋಜನೆ ಜೀವ ಉಳಿಸಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಭಿನ್ನಾಭಿಪ್ರಾಯ ಇರುವುದು ಈ ಫಲಿತಾಂಶವನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದರಲ್ಲಿ. ಮೊದಲನೆಯದಾಗಿ, ಆ ಹಳ್ಳಿಗಳು ಯೋಜನೆ ಬಂದ, ಬಾರದ ಪ್ರದೇಶಗಳ ಗಡಿಯಂಚಿನವು. ನಮ್ಮ ನಾಲ್ಕು ತಾಲ್ಲೂಕುಗಳು ಬೆಳಗಾವಿ ವಿಭಾಗದ ಒಳಭಾಗದಲ್ಲಿವೆ. ಇನ್ನೂ ಮುಖ್ಯವಾಗಿ, ಅಲ್ಲಿ ಅಳೆದದ್ದು ದೊಡ್ಡಾಸ್ಪತ್ರೆಯ ಬಾಗಿಲಿನಲ್ಲಿ ತೀರ್ಮಾನವಾಗುವ ಸಾವನ್ನು. ಸಕ್ಕರೆ ಕಾಯಿಲೆ, ಬಿಪಿ, ಅಪಸ್ಮಾರ, ಉಬ್ಬಸ ಇರುವವರ ಹಣೆಬರಹ ಬಹುಪಾಲು ಆ ಬಾಗಿಲಿಗೆ ಬರುವ ಮೊದಲೇ, ತಿಂಗಳ ಮಾತ್ರೆ ತಪ್ಪಿತೋ ಇಲ್ಲವೋ ಎಂಬುದರಲ್ಲಿ ತೀರ್ಮಾನವಾಗುತ್ತದೆ.

ಈಗಿನ ಆರೋಗ್ಯ ಕರ್ನಾಟಕ ಯೋಜನೆಯ ನಿಯಮ ತಿಂಗಳ ಮಾತ್ರೆಯ ಈ ಲೆಕ್ಕವನ್ನು ಗುರುತಿಸುವುದೇ ಇಲ್ಲ. ಅದರ ಅಳತೆಗೋಲು ಪ್ಯಾಕೇಜ್. ಪ್ಯಾಕೇಜಿಗೆ ಸಾಮಾನ್ಯವಾಗಿ ದಾಖಲಾತಿ ಬೇಕು. ಆಯುಷ್ಮಾನ್ ಭಾರತದ ನಿಯಮದಲ್ಲಿ ಹೊರರೋಗಿ ಚಿಕಿತ್ಸೆಗೆ ಹಣವಿಲ್ಲ. ದಾಖಲಾಗುವ ಮೊದಲಿನ ಮೂರು ದಿನ, ಬಿಡುಗಡೆಯ ನಂತರದ ಹದಿನೈದು ದಿನದ ಔಷಧಿ ಮಾತ್ರ ಸೇರಿದೆ. ಜೀವನವಿಡೀ ಮಾತ್ರೆ ನುಂಗಬೇಕಾದವರ ಬದುಕು ಹದಿನಾರನೆಯ ದಿನದಿಂದ ಶುರುವಾಗುತ್ತದೆ. ಇದರ ಜೊತೆಗೆ, ತುರ್ತು ಪ್ರಕರಣಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಸವದತ್ತಿಯವರಿಗೆ ಬೆಳಗಾವಿಗಿಂತ ಧಾರವಾಡ ಹತ್ತಿರ. ರೈಲೇ ಇಲ್ಲದ ರಾಮದುರ್ಗದವರಿಗೆ ಎರಡೂ ದೂರ. ಒಮ್ಮೆ ಆಪರೇಷನ್ ಆಗಿ ಮುಗಿಯುವ ಕಾಯಿಲೆಗೆ ಈ ಓಡಾಟ ಒಂದು ಸಲದ್ದು. ವರ್ಷವಿಡೀ ನಡೆಯುವ ಕಾಯಿಲೆಗೆ ಅದು ಕೂಲಿ ಕಳೆದುಕೊಳ್ಳುವ ದಿನಗಳ ಸಾಲು.

ದೀರ್ಘಕಾಲದ ಕಾಯಿಲೆ ಸ್ವಭಾವತಃ ವಿಮೆಗೆ ಒಗ್ಗುವುದಿಲ್ಲ ಎಂದು ಹೇಳುವವರಿದ್ದಾರೆ. ಎರಡು ಸಾಕ್ಷ್ಯಗಳು ಇದಕ್ಕೆ ವಿರುದ್ಧವಾಗಿವೆ. ಒಂದು, ಡಯಾಲಿಸಿಸ್. ವಾರವಾರವೂ ಬೇಕಾದ ಈ ಚಿಕಿತ್ಸೆಯನ್ನು ಯೋಜನೆ ಸರದಿಗೊಂದು ಪ್ಯಾಕೇಜಿನಂತೆ ಒಪ್ಪಿಕೊಂಡಿದೆ. ಅಂದರೆ ಮರುಕಳಿಸುವ ಚಿಕಿತ್ಸೆಗೆ ದರ ಕಟ್ಟಲು ಬರುತ್ತದೆ. ಆದರೆ ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ತಿಂದು ಮುಗಿಸಿದ ಮೇಲೆ ಹಣ ಸಿಗುತ್ತದೆ, ಅದನ್ನು ತಡೆಯುವ ಹಂತದಲ್ಲಿ ಸಿಗುವುದಿಲ್ಲ. ಇನ್ನೊಂದು ಸಾಕ್ಷ್ಯ ರಾಮದುರ್ಗ, ಸುರೇಬಾನದ ಮಗ್ಗಗಳಿಗೆ ಹತ್ತಿರದ್ದು. 2005-06ರಲ್ಲಿ ಕೈಮಗ್ಗ ನೇಕಾರರಿಗೆ ಕೇಂದ್ರ ಆರಂಭಿಸಿದ ಆರೋಗ್ಯ ವಿಮೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 15,000 ರೂಪಾಯಿ. ಅದರಲ್ಲಿ 7,500 ಹೊರರೋಗಿ ವೆಚ್ಚಕ್ಕೆ. ಹಳೆಯ ಕಾಯಿಲೆಗಳೂ ಸೇರಿದ್ದವು. ಮೊತ್ತ ಚಿಕ್ಕದು, ಕಲ್ಪನೆ ಸರಿಯಾದದ್ದು. ಮುಂದೆ ಆ ಯೋಜನೆ ನಿಂತಿತು. ಈಗಿನ ಆರೋಗ್ಯ ಕರ್ನಾಟಕದಲ್ಲಿ ಮೊತ್ತ ಹಲವು ಪಟ್ಟು ಹೆಚ್ಚು, ಹೊರರೋಗಿಯ ಪಾಲು ಇಲ್ಲ. 1948ರ ಕಾಯ್ದೆಯಿಂದ ಬಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಯೋಜನೆಯಲ್ಲೂ ಕಾರ್ಖಾನೆ ಕಾರ್ಮಿಕನಿಗೆ ಹೊರರೋಗಿ ಚಿಕಿತ್ಸೆಯಿದೆ, ಗೊತ್ತುಪಡಿಸಿದ ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ವೇತನದ ಶೇ. 80ರಷ್ಟು ಭತ್ಯೆಯಿದೆ. ಅದು ಹಕ್ಕು. ಆರೋಗ್ಯ ಕರ್ನಾಟಕ ಸರ್ಕಾರಿ ಆದೇಶದ ಮೇಲೆ ನಿಂತ ಯೋಜನೆ. ಮನೆಯಲ್ಲಿ ಮಗ್ಗ ಹೂಡಿದವರಿಗೆ ಆ ಹಕ್ಕು ದಾಟಿ ಬರಲಿಲ್ಲ.

ಹೀಗಾಗಿ ನಾನು ಮುಂದಿಡುವ ತೀರ್ಮಾನ ಇದು: ಈ ಉಪವಿಭಾಗದಲ್ಲಿ ದೀರ್ಘಕಾಲದ ರೋಗಿಯನ್ನು ಹೊರಗಿಡುವುದು ಹಳೆಯ ಕಾಯಿಲೆಯ ಷರತ್ತಲ್ಲ, ದಾಖಲಾತಿಯ ಷರತ್ತು. ಈ ಮಾತಿಗೆ ಮಿತಿಗಳಿವೆ. ಕಿತ್ತೂರು, ಬೈಲಹೊಂಗಲದ ವ್ಯಾಪಾರಸ್ಥರು, ಎಪಿಎಲ್ ರೈತರು ಪಾಲಿಸಿ ಕೊಂಡಲ್ಲಿ 36 ತಿಂಗಳ ನಿಯಮವೇ ಅವರಿಗೆ ನಿರ್ಣಾಯಕವಾಗಬಹುದು. ನೇಕಾರರ ವಿಮೆ ಕೈಮಗ್ಗದವರಿಗಷ್ಟೇ ಇತ್ತು. ಕಾಗದದ ಮೇಲಿನ 7,500 ರೂಪಾಯಿ ಎಷ್ಟು ಮನೆಗಳಲ್ಲಿ ಮಾತ್ರೆಯಾಗಿ ಬದಲಾಯಿತೆಂಬುದನ್ನು ನಿಯಮದ ಪಠ್ಯದಿಂದ ಊಹಿಸುವಂತಿಲ್ಲ. ತಿಂಗಳ ಔಷಧಿಗೆ ವಿಮೆಯೇ ಬೇಕೆಂದೂ ಇಲ್ಲ. ಎಚ್‌ಐವಿಯೊಂದಿಗೆ ಬದುಕುವವರಿಗೆ 2004ರಿಂದ ಎಆರ್‌ಟಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ವಿಮೆಯ ಹಂಗಿಲ್ಲದೆ ಉಚಿತವಾಗಿ ಸಿಗುತ್ತಿದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಗೂ ಇದೇ ದಾರಿ ಹಿಡಿಯಲು ಹೊರಟಿದೆ. ಯಾವ ದಾರಿ ಮೇಲೆಂಬುದನ್ನು ನಿರ್ಧರಿಸಲು ತಾಲ್ಲೂಕು ಆಸ್ಪತ್ರೆಗಳ ಬಿಪಿ-ಶುಗರ್ ನೋಂದಣಿಯನ್ನೂ ಆರೋಗ್ಯ ಕರ್ನಾಟಕವನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಡಯಾಲಿಸಿಸ್ ಕ್ಲೇಮುಗಳನ್ನೂ, ರೋಗಿಯ ಗುರುತು ಮರೆಸಿ, ಅಕ್ಕಪಕ್ಕ ಇಟ್ಟು ಓದಬೇಕು. ಡಯಾಲಿಸಿಸ್‌ಗೆ ಬಂದವರು ಅದಕ್ಕೂ ಮೊದಲು ಎಷ್ಟು ಕಾಲ ಮಾತ್ರೆ ಪಡೆದಿದ್ದರು, ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂಬ ಪ್ರಶ್ನೆಗಳು ಆ ಓದಿಗೆ ಕಾದಿವೆ.