ಲಾಂಛನವೂ ಅಂಕಿತವೂ

ಇಂಗ್ಲೆಂಡಿನ ಹಳೆಯ ಶ್ರೀಮಂತ ಮನೆತನಗಳ ಬೆಳ್ಳಿಯ ಚಮಚಗಳಲ್ಲಿ ಎರಡು ಬಗೆಯ ಗುರುತುಗಳನ್ನು ಕಾಣುತ್ತೇವೆ. ಹಿಡಿಯ ಮೇಲೆ ಮನೆತನದ ಲಾಂಛನ: ಒಂದು ಹಕ್ಕಿಯೋ, ಸಿಂಹದ ತಲೆಯೋ, ಕತ್ತಿ ಹಿಡಿದ ಕೈಯೋ. ಮಗುಚಿದರೆ ಹಿಂಬದಿಯಲ್ಲಿ ಅಕ್ಕಸಾಲಿಗನ ಮುದ್ರೆ. ಅದರ ಮಗ್ಗುಲಲ್ಲಿ, ಬೆಳ್ಳಿಯ ಶುದ್ಧತೆಗೆ ಸಾಕ್ಷಿಯಾಗಿ 1544ರಿಂದೀಚೆಗೆ ಲಂಡನ್ನಿನಲ್ಲಿ ಒತ್ತುತ್ತ ಬಂದ ಸಿಂಹಮುದ್ರೆ. ನಮ್ಮ ಮನೆಗಳ ಒಳಲೆ, ಉದ್ಧರಣೆ, ತಂಬಿಗೆಗಳ ಮೇಲೆ ಒಡೆಯರ ಹೆಸರು ಕೆತ್ತಿರುವುದುಂಟು. ಲಾಂಛನವೆಂಬುದು ಮಾತ್ರ ನಮ್ಮಲ್ಲಿ ಬಹುಮಟ್ಟಿಗೆ ಅರಸರ ಸೊತ್ತಾಗಿಯೇ ಉಳಿಯಿತು.

ಒಡೆಯನ ಗುರುತನ್ನೂ ಮಾಡಿದವನ ಗುರುತನ್ನೂ ಒಂದೇ ಕಡೆ ಕಾಣಬಯಸುವವರು ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳ ಹಾದಿ ಹಿಡಿಯಬೇಕು. ಅರಸೀಕೆರೆಯೆಂಬ ಹೆಸರೇ ಒಂದು ಒಡೆತನದ ಗುರುತು, ಅರಸಿಯ ಕೆರೆ. ಅಲ್ಲಿಯ 1220ರ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡದೆ ಮುಂದೆ ಹೋಗುವವರು ಬಹಳ ಮಂದಿ. ಅದು ನಷ್ಟವೇ ಸರಿ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಇಕ್ಕೆಲಗಳಲ್ಲಿ ಹೊಯ್ಸಳ ಲಾಂಛನವು ನಿಂತಿದೆ: ಮೃಗವನ್ನು ಇರಿಯುತ್ತಿರುವ ವೀರ. ಮುನಿಯು ‘ಹೊಯ್, ಸಳ!’ ಎಂದನಂತೆ, ಸಳನು ಹುಲಿಯನ್ನು ಹೊಯ್ದನಂತೆ. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿಯೋ ಅದಕ್ಕೆ ಸಿಂಹದ ಕೇಸರವಿದೆ! ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಈ ಕಥೆಗೆ ಪ್ರಚಾರ ದೊರೆತಿರಬೇಕೆಂದು ಕೆಲವು ವಿದ್ವಾಂಸರ ಊಹೆ, ಏಕೆಂದರೆ ಹುಲಿಯು ಚೋಳರ ಲಾಂಛನ. ನಮಗೂ ಇದು ಯುಕ್ತವಾಗಿ ತೋರುತ್ತದೆ. ಆ ರಾಜನ ಚಿನ್ನದ ನಾಣ್ಯಗಳಲ್ಲಿ ಒಂದು ಮುಖದಲ್ಲಿ ಸಿಂಹವೂ ಇನ್ನೊಂದರಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹವೂ ಇವೆ. ಸುಮಾರು 4 ಗ್ರಾಂ ತೂಕದ ಬಿಲ್ಲೆಯ ಮೇಲೆ ಒಂದು ಯುದ್ಧದ ಕೀರ್ತಿಯನ್ನು ಊರೂರಿಗೆ ಕಳುಹಿಸಿದ ಜಾಣ್ಮೆ ಅದು.

ಇನ್ನು ಹಿಂಬದಿಯ ಮುದ್ರೆ. ಬೇಲೂರಿನ ಮದನಿಕೆಯರನ್ನು ನೋಡಿ ಬೆರಗಾಗುವ ನಾವು ಅವರ ಪಾದದಡಿಯ ಪೀಠವನ್ನು ಓದುವುದು ಅಪರೂಪ. ಅಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಕೆಲವು ರೂವಾರಿಗಳು ಹೆಸರಿನೊಡನೆ ಬಿರುದನ್ನೂ, ತಮ್ಮ ಊರನ್ನೂ ಸೇರಿಸಿದ್ದಾರೆ. ಅಲ್ಲಿಂದ 16 ಕಿಲೋಮೀಟರಿನ ಹಳೇಬೀಡಿನಲ್ಲಿ, 1121ರಲ್ಲಿ ಆರಂಭವಾದ ಹೊಯ್ಸಳೇಶ್ವರದ ಗೋಡೆಗಳಲ್ಲಿಯೂ ಇಂಥ ಅಂಕಿತಗಳಿವೆ. ಸಳನು ಇದ್ದನೋ ಇಲ್ಲವೋ ಎಂದು ವಾದಿಸಬಹುದು. ದಾಸೋಜನ ವಿಷಯದಲ್ಲಿ ಆ ವಾದಕ್ಕೆ ಎಡೆಯಿಲ್ಲ.

ಕಲ್ಲಾದುದರಿಂದ ಇಷ್ಟು ಉಳಿಯಿತು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರಕ್ಕೆ ಬಂದಾಗ ಮೂರನೆಯ ಬಲ್ಲಾಳನು ತನ್ನ ಭಂಡಾರವನ್ನು ಒಪ್ಪಿಸಬೇಕಾಯಿತು. ಅರಮನೆಯ ಬೆಳ್ಳಿಬಂಗಾರದ ಪಾತ್ರೆಗಳ ಮೇಲೆ ಯಾವ ಗುರುತಿತ್ತೆಂದು ಹೇಳಲು ಇಂದು ಆ ಪಾತ್ರೆಗಳೇ ನಮ್ಮ ಮುಂದಿಲ್ಲ. ನಮ್ಮ ಮನೆಗಳಲ್ಲಿ ಇದೇ ಕೆಲಸವು ಯಾವ ಸೈನ್ಯವೂ ಇಲ್ಲದೆ ನಡೆಯುತ್ತಿದೆ. ಅಜ್ಜಿಯ ತವರಿನಿಂದ ಬಂದ ಒಳಲೆ ಸೊಟ್ಟಗಾಯಿತೆಂದು ಅಂಗಡಿಗೆ ಹಾಕಿ, ಸವಕಲು ಕಳೆದು, ತೂಕಕ್ಕೆ ಹೊಸದನ್ನು ತರುತ್ತೇವೆ. ಕೊಡಲೇಬೇಕಾದರೆ ಕೊಡೋಣ. ಅದಕ್ಕೆ ಮುಂಚೆ ಕೆತ್ತಿದ ಅಕ್ಷರಗಳ ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಮೆಲ್ಲನೆ ಉಜ್ಜಿದರೆ ಹೆಸರು ಮೂಡುತ್ತದೆ. ಮಗುಚಿದರೆ ಅಕ್ಕಸಾಲಿಗನ ಚಿಕ್ಕ ಮುದ್ರೆಯೂ ಸಿಕ್ಕೀತು. ಅದು ಯಾರ ಮನೆಯದು, ಯಾವ ಊರಿನದು ಎಂಬುದನ್ನು ಬಲ್ಲ ಹಿರಿಯರನ್ನು ಕೇಳಿ ಆ ಕಾಗದದ ಬೆನ್ನಿಗೆ ಬರೆದಿಡಬಹುದು.